ನೀಲಿ ಚಂದ್ರಾಮನೂ ನಮ್ಮ ಅಮಾಸಿ-ಹುಣ್ಣಿವಿಯೂ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬ ನುಡಿಗಟ್ಟು ಬಂದ ದಿನ ಹಾವೇರಿ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು: ‘ಸರ್, ಚಂದ್ರಾಮ ಯಾವಾಗರೆ ನೀಲಿ ಆಗ್ತಾನೇನ್ರಿ?’ ಅವಳ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ‘ನೀಲಿ ಚಂದ್ರನಲ್ಲಿ ಒಮ್ಮೆ’ ಎಂದು ಬರೆದಿತ್ತು. ಒಂದೊಂದು ಪದದ ಅರ್ಥವೂ ಸರಿ, ಆದರೆ ಒಟ್ಟು ಮಾತಿಗೆ ಅರ್ಥವೇ ಇಲ್ಲ.

ಹಾಗಾಗಿ ಮೊದಲು ಮಾಡಬೇಕಾದದ್ದು ಇಷ್ಟೇ: ಪದಗಳನ್ನು ಬಿಡಿ, ಈ ಮಾತು ನಮ್ಮ ಮನೆಯಲ್ಲಿ ಯಾವಾಗ ಬರುತ್ತದೆ ಎಂದು ಕೇಳಿಕೊಳ್ಳಿ. ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ಮೊಮ್ಮಗ ಊರಿಗೆ ಬಂದಾಗ ಅಜ್ಜಿ ಏನನ್ನುತ್ತಾಳೆ? ‘ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ ಮಾರಿ ತೋರಸ್ತಿ ನೋಡಪಾ.’ ಲೆಕ್ಕ ಹಿಡಿದರೆ ಅಮಾವಾಸ್ಯೆಯಿಂದ ಹುಣ್ಣಿಮೆಗೆ ಹದಿನೈದೇ ದಿನ. ಅಜ್ಜಿಯ ಮನಸ್ಸಿನಲ್ಲಿರುವುದು ಮಾತ್ರ ‘ಬಹಳ ಅಪರೂಪಕ್ಕೆ’. ಇಂಗ್ಲಿಷಿನವರ ಮಾತಿನ ಅರ್ಥವೂ ಅದೇ. ಎರಡೂ ಕಡೆ ಚಂದ್ರನನ್ನೇ ಎಳೆದು ತಂದದ್ದು ನನಗೆ ಬಹಳ ಹಿಡಿಸುತ್ತದೆ.

ಇನ್ನು ‘ಬ್ಲೂ ಮೂನ್’ ಎಂದರೇನು? ಈಗಿನ ರೂಢಿಯಲ್ಲಿ, ಒಂದೇ ಇಂಗ್ಲಿಷ್ ತಿಂಗಳಲ್ಲಿ ಬೀಳುವ ಎರಡನೇ ಹುಣ್ಣಿಮೆ. ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಒಂದು ಖಗೋಳ ಪತ್ರಿಕೆ 1946ರಲ್ಲಿ ಹಳೆಯ ರೈತ ಪಂಚಾಂಗವೊಂದನ್ನು ತಪ್ಪಾಗಿ ಓದಿಕೊಂಡಿದ್ದರಿಂದ ಈ ಅರ್ಥ ಹಬ್ಬಿತು. ನುಡಿಗಟ್ಟು ಅದಕ್ಕಿಂತ ಬಹಳ ಹಳೆಯದು. ಹುಡುಗಿಯ ಪ್ರಶ್ನೆಗೂ ಉತ್ತರವಿದೆ: 1883ರಲ್ಲಿ ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದ ಮೇಲೆ ಅದರ ಸಣ್ಣ ಕಣಗಳು ಕೆಂಪು ಬೆಳಕನ್ನು ಚದುರಿಸಿ, ಚಂದ್ರ ನಿಜಕ್ಕೂ ನೀಲಿಯಾಗಿ ಕಂಡಿದ್ದ.

ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಕ್ಯಾಲೆಂಡರಿನ ತಿಂಗಳು ಸಾಮಾನ್ಯವಾಗಿ ಅದಕ್ಕಿಂತ ಉದ್ದ. 19 ವರ್ಷಕ್ಕೆ 228 ತಿಂಗಳಾದರೆ ಹುಣ್ಣಿಮೆ ಮಾತ್ರ 235. ಮಿಕ್ಕಿದ 7 ಹುಣ್ಣಿಮೆ ಯಾವುದಾದರೂ ತಿಂಗಳಲ್ಲಿ ಎರಡನೆಯದಾಗಿ ಬೀಳಲೇಬೇಕು. ನಮ್ಮ ಪಂಚಾಂಗದಲ್ಲಿ ಅಧಿಕ ಮಾಸವೂ 19 ವರ್ಷಕ್ಕೆ 7 ಸಲವೇ ಬರುತ್ತದೆ! ಮಂಗಲ ಕಾರ್ಯಾಲಯಗಳು ಖಾಲಿ ಬೀಳುವ, ಕೆಲವು ಮನೆಗಳಲ್ಲಿ ಅಳಿಯನಿಗೆ 33 ಅನಾರಸ (ಅಕ್ಕಿಹಿಟ್ಟಿನ ಸಿಹಿ ತಿಂಡಿ) ಕೊಡುವ ಆ ತಿಂಗಳೂ ಬ್ಲೂ ಮೂನೂ ಒಂದೇ ಲೆಕ್ಕದಿಂದ ಹುಟ್ಟಿದವು. 2026ರಲ್ಲಿ ಮೇ 1ಕ್ಕೊಂದು, 31ಕ್ಕೊಂದು ಹುಣ್ಣಿಮೆ. ಆ ಎರಡನೆಯದು ಅಧಿಕ ಜ್ಯೇಷ್ಠದ ಹುಣ್ಣಿಮೆಯೇ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ ಆ ನುಡಿಗಟ್ಟನ್ನು ಯಾರೂ ಮರೆತಿಲ್ಲ.

ಬಳಸುವಾಗ ಈ ಲೆಕ್ಕ ಬೇಡ. ‘ಎರಡು-ಮೂರು ವರ್ಷಕ್ಕೊಮ್ಮೆ’ ಎಂಬ ಅರ್ಥ ಮಾತಿನಲ್ಲಿ ಇಲ್ಲ. ವಾಕ್ಯದ ಕೊನೆಗೆ ಇಡಿ: ‘ಹಿ ಕಮ್ಸ್ ಟು ಗದಗ ಒನ್ಸ್ ಇನ್ ಎ ಬ್ಲೂ ಮೂನ್.’ ನಮ್ಮವರು ಹೆಚ್ಚು ಎಡವುವುದು ಮೂರು ಕಡೆ. ‘ಎ’ ಇರಬೇಕಾದಲ್ಲಿ ‘ದಿ’ ಹಾಕುತ್ತಾರೆ. ‘ಹಿ ಡಸ್ ನಾಟ್ ಕಮ್’ ಎಂದು ಶುರು ಮಾಡಿ ಕೊನೆಗೆ ಇದನ್ನು ಅಂಟಿಸುತ್ತಾರೆ. ಅಪರೂಪಕ್ಕಾದರೂ ಬರುತ್ತಾನೆ ಎಂದೇ ಇದರ ಅರ್ಥ, ಆದ್ದರಿಂದ ‘ನಾಟ್’ ಕೂಡದು. ಮೂರನೆಯದು, ನಿನ್ನೆ ಒಂದೇ ಸಲ ನಡೆದದ್ದಕ್ಕೆ ಬಳಸುವುದು. ಆಗಾಗ ಅಲ್ಲದಿದ್ದರೂ ಮತ್ತೆ ಮತ್ತೆ ನಡೆಯುವ ಸಂಗತಿಗೇ ಇದು ಹೊಂದುತ್ತದೆ.

ಪರೀಕ್ಷೆಯ ನಾಲ್ಕು ಆಯ್ಕೆಗಳಲ್ಲಿ ‘ವೆರಿ ರೇರ್ಲಿ’ ಇದ್ದರೆ ಅದೇ ಉತ್ತರ, ‘ನೆವರ್’ ಅಲ್ಲ. ‘ಓವರ್ ದಿ ಮೂನ್’ ಎಂಬುದು ಬೇರೆ, ಅದು ಹಿಗ್ಗಿ ಹೀರೇಕಾಯಿ ಆಗುವುದಕ್ಕೆ. ‘ಔಟ್ ಆಫ್ ದಿ ಬ್ಲೂ’ ಎಂದರೆ ಏಕಾಏಕಿ. ಅರ್ಜಿ, ಕಚೇರಿ ಪತ್ರಗಳಲ್ಲಿ ಇವು ಯಾವುವೂ ಬೇಡ.

ಕೊನೆಗೆ ಗಟ್ಟಿಯಾಗಿ ಹೇಳಿ ನೋಡಿ. ಕನ್ನಡದಂತೆ ಪ್ರತಿ ಅಕ್ಷರಕ್ಕೂ ಸಮ ತೂಕ ಕೊಡಬೇಡಿ. ‘ಒನ್ಸ್’ ಎಂದು, ‘ಇನ್ ಎ’ಯನ್ನು ಸರ್ರನೆ ಕೂಡಿಸಿ ‘ಇನಾ’ ಮಾಡಿ, ‘ಬ್ಲೂ ಮೂನ್’ ಮೇಲೆ ನಿಲ್ಲಿ. ಅಜ್ಜಿ ‘ಹುಣ್ಣಿವಿಗೊಮ್ಮೆ’ಯನ್ನು ಎಳೆಯುತ್ತಾಳಲ್ಲ, ಹಾಗೆ.