ಹಳೇ ಸ್ಪ್ಲೆಂಡರ್: ಬೋರ್ ಬಿಚ್ಚದೆ 48ರಿಂದ 62ಕ್ಕೆ

ಲಕ್ಷ ಕಿಲೋಮೀಟರ್ ದಾಟಿದ ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಹಳೇ ಸ್ಪ್ಲೆಂಡರ್ ಬೈಕ್ ಲೀಟರಿಗೆ 48 ಕಿಲೋಮೀಟರ್ ಕೊಡ್ತಿದೆ ಅಂದರೆ ಸಾಕು, 'ಬೋರ್, ಪಿಸ್ಟನ್ ಮಾಡಿಸಿ', ಅಂದರೆ ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಿ ಪಿಸ್ಟನ್ ಬದಲಿಸಿ, ಅಂತಾರೆ. ಆರೇಳು ಸಾವಿರದ ಮಾತು. ಹೊಗೆ ಇಲ್ಲ, ಆಯಿಲ್ ಕುಡೀತಿಲ್ಲ ಅಂದಮೇಲೆ ಎಂಜಿನ್ ಯಾಕೆ ಬಿಚ್ಚಬೇಕು? ಎರಡು ಸಾವಿರದೊಳಗೆ ಅದೇ ಗಾಡಿ ಈಗ 62ರ ಆಸುಪಾಸಿನಲ್ಲಿದೆ. ಬೆಂಗಳೂರಲ್ಲಿ 2024ರ ಮಾರ್ಚ್‌ನಲ್ಲಿ ನೂರರೊಳಗೆ ಬಂದಿದ್ದ ಪೆಟ್ರೋಲ್, ಜೂನ್‌ನಲ್ಲಿ ರಾಜ್ಯದ ತೆರಿಗೆ ಏರಿ ಮತ್ತೆ ನೂರರಾಚೆ ಹೋಯಿತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ 48ಕ್ಕೂ 62ಕ್ಕೂ ಇರುವ ವ್ಯತ್ಯಾಸ ಹತ್ತಿರ ಹತ್ತಿರ 480 ರೂಪಾಯಿ.

ಮೊದಲು ಅಳತೆ ಸರಿ ಇರಲಿ. ಒಂದು ಲೀಟರ್ ಹಾಕಿಸಿ ನಿಲ್ಲುವವರೆಗೂ ಓಡಿಸುವ ಲೆಕ್ಕ ನಂಬಬೇಡಿ. ಸೆಂಟರ್ ಸ್ಟ್ಯಾಂಡ್ ಮೇಲೆ, ಅದೇ ಬಂಕಿನ ಅದೇ ಜಾಗದಲ್ಲಿ, ಟ್ಯಾಂಕಿನ ಕುತ್ತಿಗೆಯ ಬುಡದವರೆಗೆ ತುಂಬಿಸಿ. ಹೀಗೆ ಎರಡು ಟ್ಯಾಂಕ್ ಆದ ಮೇಲೆ ಲೆಕ್ಕ ಹಾಕಿ. ಮುಂದಿನ ಟೈರ್ ಸವೆದಿದ್ದರೆ ಓಡೋಮೀಟರ್ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತೆ.

ದೊಡ್ಡ ಕಳ್ಳ ಹಿಂದಿನ ಬ್ರೇಕ್. ಚೈನ್ ಬಿಗಿ ಮಾಡಿದಾಗ ಚಕ್ರ ಹಿಂದಕ್ಕೆ ಸರಿಯುತ್ತೆ, ಬ್ರೇಕ್ ರಾಡ್ ಎಳೆದುಕೊಳ್ಳುತ್ತೆ, ಒಳಗಿನ ಬ್ರೇಕ್ ಲೈನರ್ ಚಕ್ರದ ಡ್ರಮ್‌ಗೆ ಉಜ್ಜುತ್ತೆ. ಚೈನ್ ಮುಟ್ಟಿದವರು ರಾಡಿನ ನಟ್ ಮುಟ್ಟದೆ ಗಾಡಿ ಕೊಟ್ಟುಬಿಡ್ತಾರೆ. ನ್ಯೂಟ್ರಲ್‌ನಲ್ಲಿ ಚಕ್ರ ಕೈಯಿಂದ ತಿರುಗಿಸಿ: ಸರ್ ಅಂತ ಸದ್ದು ಬಂದು ಒಂದೇ ಸುತ್ತಿಗೆ ನಿಂತರೆ ಅದೇ ರೋಗ. ಪೆಡಲ್‌ಗೆ ಒಂದಿಂಚು ಆಟ ಬಿಡಿ. ಆಗಲೂ ಹಿಡಿದರೆ ಡ್ರಮ್ ಪ್ಲೇಟ್ ಬಿಚ್ಚಿ. ಲೈನರನ್ನು ತಳ್ಳುವ ಕ್ಯಾಮ್‌ನ ಗ್ರೀಸ್ ಒಣಗಿ, ಬ್ರೇಕ್ ಬಿಟ್ಟರೂ ಲೈನರ್ ವಾಪಸ್ ಬರ್ತಿರಲ್ಲ. ಈ ಒಂದರಿಂದಲೇ ಆರೇಳು ಕಿಲೋಮೀಟರ್ ಬಂತು.

ಟೈರಿನ ಗಾಳಿ, ಒಬ್ಬರೇ ಇದ್ದಾಗ ಮುಂದೆ 25, ಹಿಂದೆ 28 ಪಿಎಸ್‌ಐ. ಹಿಂದೆ ಜನ ಕೂತರೆ ಹಿಂದಿನ ಟೈರಿಗೆ 40ರ ಆಸುಪಾಸು. ಟೈರ್ ತಣ್ಣಗಿರುವಾಗ ನೋಡಿ. ಆಯಿಲ್ ಸವರಿದ ಪೇಪರ್ ಏರ್ ಫಿಲ್ಟರ್‌ಗೆ ಏರ್ ಹೊಡೆಸಬೇಡಿ, ಬದಲಿಸಿ.

ಕಾರ್ಬ್ಯುರೇಟರ್ ವಿಷಯದಲ್ಲಿ ದುರಾಸೆ ಬೇಡ. ಎಂಜಿನ್ ಬಿಸಿಯಾದ ಮೇಲೆ ಆರ್‌ಪಿಎಂ ಅತಿ ಹೆಚ್ಚು ಏರುವ ಕಡೆ ಏರ್ ಸ್ಕ್ರೂ (ಕಾರ್ಬ್ಯುರೇಟರಿನ ಮಿಶ್ರಣ ಹೊಂದಿಸುವ ತಿರುಪು) ನಿಲ್ಲಿಸಿ, ಐಡಲ್ 1400ಕ್ಕೆ ಇಳಿಸಿ. ಪೆಟ್ರೋಲ್‌ನಲ್ಲಿ ಈಗ ನೂರಕ್ಕೆ 20 ಭಾಗ ಎಥನಾಲ್. ಮಿಶ್ರಣ ತಾನಾಗಿಯೇ ತೆಳುವಾಗುತ್ತೆ (ಗಾಳಿ ಹೆಚ್ಚು, ಇಂಧನ ಕಡಿಮೆ ಆದಂತೆ), ಮೈಲೇಜೂ ಸ್ವಲ್ಪ ತಿನ್ನುತ್ತೆ. ಇನ್ನೂ ತೆಳು ಮಾಡಿದರೆ ಪ್ಲಗ್ ಬೆಳ್ಳಗಾಗಿ, ಥ್ರಾಟಲ್ ತೆರೆದಾಗ ಗಾಡಿ ತಡವರಿಸಿ, ಹೆಡ್ ಕಾದುಹೋಗುತ್ತೆ. ಪ್ಲಗ್ ತುದಿ ತಿಳಿ ಕಂದು ಇರಬೇಕು. 

ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಟ್ಯಾಂಕಿಗೆ ಸುರಿಯುವ ಬಾಟಲಿ, ಕಾರ್ಬ್ಯುರೇಟರಿಗೆ ಸಣ್ಣ ಜೆಟ್ (ಪೆಟ್ರೋಲ್ ಹರಿಯುವ ತೂತು): ಮೂರಕ್ಕೂ ಸೇರಿ ಎಂಟುನೂರು ಹೋಯಿತು, ಪಾಯಿಂಟೂ ಏರಲಿಲ್ಲ. ಮುಂದಿನ 14 ಹಲ್ಲಿನ ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲುಚಕ್ರ) ತೆಗೆದು 15 ಹಾಕಿ ನೋಡಿದೆ. ತುಮಕೂರು ಹೈವೇಯಲ್ಲಿ 50ರ ವೇಗಕ್ಕೆ ಎರಡು ಮೂರು ಹೆಚ್ಚು ಬಂತು. ಊರೊಳಗೆ ಸಿಗ್ನಲ್‌ಗಳಲ್ಲಿ ಸೆಕೆಂಡ್ ಗೇರಲ್ಲೇ ಎಳೆಯಬೇಕಾಗಿ ಅಷ್ಟೂ ವಾಪಸ್ ಹೋಯಿತು. ದಿನಾ ಹೈವೇಯಲ್ಲೇ ಓಡಾಡುವವರು ಹಾಕಿಸಬಹುದು. ಘಾಟಿ, ಡಬಲ್ಸ್ ಇರುವವರು 14ರಲ್ಲೇ ಇರಿ.