ಸೋತವರ ಮತವೂ ಏರಿತ್ತು: ಕೊಡಗಿನ ಫಲಿತಾಂಶ ಬಿಡಿಸಿ ನೋಡಿದ ನನ್ನ ಅನುಭವ

2023ರ ಮೇ 13ರ ಮಧ್ಯಾಹ್ನದ ಹೊತ್ತಿಗೆ ಕೊಡಗಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ. ಎರಡಕ್ಕೆ ಎರಡು. ಮಡಿಕೇರಿಯಲ್ಲಿ ಕಾಂಗ್ರೆಸ್ಸಿನ ಮಂತರ್ ಗೌಡ, ವಿರಾಜಪೇಟೆಯಲ್ಲಿ ಕಾಂಗ್ರೆಸ್ಸಿನ ಎ.ಎಸ್. ಪೊನ್ನಣ್ಣ. 2008ರಿಂದ ಎರಡೂ ಕ್ಷೇತ್ರ ಬಿಜೆಪಿ ಕೈಯಲ್ಲೇ ಇದ್ದವು. ಹಾಗಾಗಿ ಅಲೆ ಅಂದರು, ಬಿಜೆಪಿ ಕೊಚ್ಚಿಕೊಂಡು ಹೋಯಿತು ಅಂದರು, ಜನ ಇಡೀ ಬದಲಾಗಿಬಿಟ್ಟರು ಅಂದರು. ನಾನೂ ಅವತ್ತು ಹಾಗೇ ಅಂದುಕೊಂಡಿದ್ದೆ. ಆಮೇಲೆ ಅಂಕಿ ಹಿಡಿದು ಕೂತಾಗ ಕಂಡದ್ದೇ ಬೇರೆ.

ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ಬರೆಯುವುದು, ವಾರದ ಬಟವಾಡೆ ಕೂಡಿಸುವುದು, ಒಂದು ಸಾಲಿನ ಮೊತ್ತ ಇನ್ನೊಂದು ಸಾಲಿಗೆ ತಾಳೆ ಆಗದಿದ್ದರೆ ರಾತ್ರಿ ನಿದ್ದೆ ಬಾರದಿರುವುದು, ಇದೇ ನನ್ನ ಕೆಲಸ. ಆ ಚಟವೇ ಇದಕ್ಕೂ ಎಳೆಯಿತು.

ಮೊದಲು ಎಲ್ಲರಿಗೂ ಸಿಗುವ ಅಂಕಿ ನೋಡಿ. ಮಡಿಕೇರಿಯಲ್ಲಿ 2018ರಲ್ಲಿ ಬಿಜೆಪಿಯ ಅಪ್ಪಚ್ಚು ರಂಜನ್ ಗೆದ್ದದ್ದು 70,631 ಮತ ಪಡೆದು. ಅಂತರ 16,015. 2023ರಲ್ಲಿ ಅವರಿಗೇ ಬಿದ್ದದ್ದು 80,477. ಹತ್ತು ಸಾವಿರದ ಹತ್ತಿರ ಜಾಸ್ತಿ. ಆದರೂ ಸೋತರು, 4,402 ಮತಗಳಿಂದ. ಮಂತರ್ ಗೌಡರಿಗೆ 84,879 ಬಂದಿತ್ತು. ವಿರಾಜಪೇಟೆಯಲ್ಲೂ ಇದೇ ಕಥೆ. ಕೆ.ಜಿ. ಬೋಪಯ್ಯ 2018ರಲ್ಲಿ 77,944 ಮತ ಪಡೆದು 13,353 ಅಂತರದಲ್ಲಿ ಗೆದ್ದಿದ್ದರು. 2023ರಲ್ಲಿ 79,500 ಬಂತು, ಪೊನ್ನಣ್ಣನವರಿಗೆ 83,791 ಬಂತು, 4,291ರಲ್ಲಿ ಸೋಲು.

ಅಂದರೆ ಸೋತ ಇಬ್ಬರಿಗೂ ಅವರು ಗೆದ್ದ ವರ್ಷಕ್ಕಿಂತ ಹೆಚ್ಚು ಮತ ಬಿದ್ದಿದೆ. ಇದನ್ನು ಕೊಚ್ಚಿಹೋಗುವುದು ಅಂತ ಹೇಗೆ ಕರೆಯುವುದು? ಆಗಿದ್ದು ಇಷ್ಟು. ಮೊದಲು ಹಂಚಿಹೋಗುತ್ತಿದ್ದ ಎದುರಿನ ಮತ ಈ ಸಲ ಒಂದೇ ಕಡೆ ಸೇರಿತು. ಮಡಿಕೇರಿಯಲ್ಲಿ 2018ರಲ್ಲಿ ಎರಡನೇ ಸ್ಥಾನ ಜೆಡಿಎಸ್‌ನ ಬಿ.ಎ. ಜೀವಿಜಯ ಅವರದು, 54,616 ಮತ. ಕಾಂಗ್ರೆಸ್ ಮೂರನೇ ಸ್ಥಾನದಲ್ಲಿತ್ತು. ಐದು ವರ್ಷದಲ್ಲಿ ಮೂರನೆಯವರು ಮೊದಲಾದರು, ಜೆಡಿಎಸ್ ಕರಗಿತು. ಇಡೀ ರಾಜ್ಯದಲ್ಲೂ ಹೆಚ್ಚು ಕಮ್ಮಿ ಹೀಗೇ. ಬಿಜೆಪಿ ಮತದ ಪ್ರಮಾಣ ಎರಡೂ ಚುನಾವಣೆಯಲ್ಲಿ ಶೇ 36ರ ಆಸುಪಾಸಿನಲ್ಲೇ ಇತ್ತು, ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು. ಕಾಂಗ್ರೆಸ್ 224ರಲ್ಲಿ 135 ಗೆದ್ದಿತು.

ರಾಜ್ಯದಲ್ಲಿ ಗಾಳಿ ಎತ್ತ ಬೀಸುತ್ತದೋ ಕೊಡಗೂ ಅತ್ತ ಅನ್ನುವವರಿಗೆ 2013 ತೋರಿಸುತ್ತೇನೆ. ಆ ವರ್ಷ ಕಾಂಗ್ರೆಸ್ 122 ಗೆದ್ದು ಸರ್ಕಾರ ಮಾಡಿತು, ಬಿಜೆಪಿ 40ಕ್ಕೆ ಇಳಿಯಿತು. ಕೊಡಗಿನ ಎರಡೂ ಸೀಟು ಮಾತ್ರ ಬಿಜೆಪಿಗೇ. ಅಂತರ ಮಡಿಕೇರಿಯಲ್ಲಿ 4,629, ವಿರಾಜಪೇಟೆಯಲ್ಲಿ 3,414. ಆಗಲೂ ಕೂದಲೆಳೆಯ ಗೆಲುವು, ಈಗಲೂ ಅಷ್ಟೇ. ನಡುವಿನ 2018ರ ದೊಡ್ಡ ಅಂತರವೇ ಬೇರೆ ಥರದ್ದು. ಟಿವಿಯವರು ಜಿಲ್ಲೆಯ ನಕ್ಷೆಗೆ ಒಂದೇ ಬಣ್ಣ ಬಳಿದರೆ ಇದು ಯಾವುದೂ ಕಾಣುವುದಿಲ್ಲ.

ಸರಿ, ನಾನು ಇದಕ್ಕೆ ಇಳಿದದ್ದು ಹೇಗೆ ಅಂತ ಹೇಳುತ್ತೇನೆ. ಒಬ್ಬ ಪಕ್ಷೇತರ ಅಭ್ಯರ್ಥಿಯ ಪರವಾಗಿ ಎಣಿಕೆ ಏಜೆಂಟಾಗಿ ಕೂತಿದ್ದೆ. ಪರಿಚಯದವರು, ಕೇಳಿದರು, ಒಪ್ಪಿದೆ. ಗೆಲ್ಲುವ ಆಸೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಎಣಿಕೆ ಒಳಗಿನಿಂದ ನೋಡಬೇಕು ಅಂತ ನನಗೆ ಮೊದಲಿಂದ ಇತ್ತು. ಅಭ್ಯರ್ಥಿ ನಮೂನೆ 18ರಲ್ಲಿ ಏಜೆಂಟರ ಹೆಸರು, ಫೋಟೊ ಕೊಡಬೇಕು. ಎಣಿಕೆಗೆ ಮೂರು ದಿನ ಮೊದಲು ಸಂಜೆ 5 ಗಂಟೆ ಒಳಗೆ ಅದು ಚುನಾವಣಾಧಿಕಾರಿ ಕೈ ಸೇರಬೇಕು. ಕೊನೆ ಗಳಿಗೆಯಲ್ಲಿ ಓಡಾಡುವವರೇ ಜಾಸ್ತಿ, ನೀವು ಹಾಗೆ ಮಾಡಬೇಡಿ.

ಒಳಗೆ ಮೊಬೈಲ್ ಬಿಡುವುದಿಲ್ಲ. ಪೆನ್ನು, ಕಾಗದ, ಬೂತಿನಲ್ಲಿ ಬಿದ್ದ ಮತದ ಲೆಕ್ಕ ಇರುವ 17ಸಿ ನಮೂನೆಯ ಪ್ರತಿ ಇಷ್ಟೇ. ಪ್ರತಿ ಮೇಜಿಗೂ ಒಬ್ಬ ಮೇಲ್ವಿಚಾರಕರು, ಒಬ್ಬ ಸಹಾಯಕರು, ಒಬ್ಬ ಮೈಕ್ರೊ ಅಬ್ಸರ್ವರ್. ನಾವು ಜಾಲರಿಯ ಈಚೆ. ಕೂರುವುದಕ್ಕೂ ಕ್ರಮ ಇದೆ. ರಾಷ್ಟ್ರೀಯ ಪಕ್ಷದವರು ಮೊದಲು, ರಾಜ್ಯ ಪಕ್ಷದವರು ಆಮೇಲೆ, ಪಕ್ಷೇತರರ ಕಡೆಯವರು ಕಟ್ಟಕಡೆ. ಹಾಗಾಗಿ ನನಗೆ ಸಿಕ್ಕಿದ್ದು ಮೂಲೆ. ಕನ್ನಡಕ ಒರೆಸಿಕೊಂಡು ಕತ್ತು ಉದ್ದ ಮಾಡಿ ನೋಡಬೇಕಾಯಿತು. ಮೇಜಿನವರು ಒಳ್ಳೆಯವರು, ಕೇಳಿದಾಗಲೆಲ್ಲ ಯಂತ್ರವನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು.

ಬೆಳಿಗ್ಗೆ 8ಕ್ಕೆ ಅಂಚೆ ಮತ ಶುರು, ಅರ್ಧ ಗಂಟೆ ಬಿಟ್ಟು ಯಂತ್ರಗಳು. ಕೊಡಗಿನಲ್ಲಿ ಅಂಚೆ ಮತವನ್ನು ಹಗುರವಾಗಿ ನೋಡುವ ಹಾಗಿಲ್ಲ. ಮನೆಗೊಬ್ಬರು ಸೇನೆಯಲ್ಲಿ ಇರುವ ಊರುಗಳು ನಮ್ಮವು. ಸೇವಾ ಮತದಾರರಿಗೆ, ಅಂದರೆ ಸೇನೆಯಂಥ ಕಡೆ ಇರುವವರಿಗೆ, ಮತಪತ್ರ ಹೋಗುವುದು ಆನ್‌ಲೈನಿನಲ್ಲಿ, ವಾಪಸ್ ಬರುವುದು ಅಂಚೆಯಲ್ಲಿ. ಎಣಿಕೆಯ ದಿನ ಬೆಳಿಗ್ಗೆ 8ರ ಒಳಗೆ ತಲುಪಬೇಕು. ಲಕೋಟೆಯ ಮೇಲಿನ ಕ್ಯೂಆರ್ ಕೋಡ್ ಒಂದೊಂದಾಗಿ ಸ್ಕ್ಯಾನ್ ಮಾಡಿ, ಘೋಷಣಾ ಪತ್ರ ನೋಡಿ, ಸಹಿ ನೋಡಿ ಆಮೇಲೆ ಎಣಿಕೆ. ನಿಧಾನದ ಕೆಲಸ. ಯಂತ್ರಗಳ ಸುತ್ತು ಸರಸರ ಹೋಗುತ್ತಿದ್ದರೂ ಆ ಕಡೆ ಮೇಜು ಇನ್ನೂ ಲಕೋಟೆ ಕತ್ತರಿಸುತ್ತಲೇ ಇರುತ್ತದೆ.

ಯಂತ್ರದ ಎಣಿಕೆ ತುಂಬಾ ಸರಳ. ಸ್ಟ್ರಾಂಗ್ ರೂಮಿನಿಂದ ಕಂಟ್ರೋಲ್ ಯೂನಿಟ್, ಅಂದರೆ ಮತಯಂತ್ರದಲ್ಲಿ ಲೆಕ್ಕ ಇರುವ ಭಾಗ, ತರುತ್ತಾರೆ. ಸೀಲು ತೋರಿಸುತ್ತಾರೆ, ಸಂಖ್ಯೆ ಓದುತ್ತಾರೆ. ರಿಸಲ್ಟ್ ಗುಂಡಿ ಒತ್ತಿದರೆ ಮೊದಲು ಒಟ್ಟು ಮತ, ಆಮೇಲೆ ಒಬ್ಬೊಬ್ಬರದು. ಆ ಒಟ್ಟು ಸಂಖ್ಯೆಯನ್ನು ಮತದಾನದ ದಿನ ಬೂತಿನಲ್ಲಿ ಬರೆದ 17ಸಿ ಜೊತೆ ತಾಳೆ ನೋಡಬೇಕು. ನನ್ನ ಪ್ರಕಾರ ಏಜೆಂಟರ ಅಸಲಿ ಕೆಲಸ ಇದೊಂದೇ. ಉಳಿದದ್ದೆಲ್ಲ ಕೂತು ನೋಡುವುದು. ನಮ್ಮ ಅಭ್ಯರ್ಥಿಗೆ ಎಲ್ಲ ಬೂತಿನಲ್ಲಿ ಏಜೆಂಟರು ಇರಲಿಲ್ಲ, ಹಾಗಾಗಿ 17ಸಿ ಪ್ರತಿಗಳೂ ಇರಲಿಲ್ಲ. ಪಕ್ಕದಲ್ಲಿ ದೊಡ್ಡ ಪಕ್ಷದ ಏಜೆಂಟ್ ಒಬ್ಬರು ಫೈಲ್ ತುಂಬ ಇಟ್ಟುಕೊಂಡಿದ್ದರು. 'ನೋಡಿ ಅಣ್ಣ, ನಿಮ್ಮಿಂದ ನಮಗೇನು ನಷ್ಟ' ಅಂತ ನಗುತ್ತಾ ನನ್ನ ಕಡೆ ಸರಿಸಿದರು. ಸತ್ಯವೇ ಹೇಳಿದರು!

ಇನ್ನು ಈ ಲೀಡ್ ಹುಚ್ಚು. ಹೊರಗೆ ಒಂದೊಂದು ಸುತ್ತಿಗೂ ಪಟಾಕಿ, ಒಂದೊಂದು ಸುತ್ತಿಗೂ ಮೌನ. ಯಂತ್ರಗಳು ಬರುವುದು ಬೂತಿನ ಸಂಖ್ಯೆಯ ಸಾಲಿನಲ್ಲಿ. ಸಾಮಾನ್ಯವಾಗಿ ಒಂದು ಕ್ಷೇತ್ರಕ್ಕೆ 14 ಮೇಜು, ಅಂದರೆ ಒಂದು ಸುತ್ತಿಗೆ 14 ಬೂತು. ಬೂತಿನ ಸಂಖ್ಯೆ ಅಕ್ಕಪಕ್ಕದ ಊರು ಹಿಡಿದು ಸಾಗುತ್ತದೆ. ಹಾಗಾಗಿ ಒಂದು ಸುತ್ತು ಅಂದರೆ ಒಂದು ಭಾಗದ ಊರುಗಳು, ಅಷ್ಟೇ. ವಿರಾಜಪೇಟೆ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಒಂದು ತುದಿಯಲ್ಲಿ ಭಾಗಮಂಡಲ, ನಾಪೋಕ್ಲು, ಇನ್ನೊಂದು ತುದಿಯಲ್ಲಿ ಕುಟ್ಟ, ಶ್ರೀಮಂಗಲ, ನಡುವೆ ನಮ್ಮ ಸಿದ್ದಾಪುರ, ಅಮ್ಮತ್ತಿ. ಈ ಜಾಗಗಳ ಮತ ಒಂದೇ ಥರ ಬೀಳುವುದಿಲ್ಲ ಅಂತ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮೂರನೇ ಸುತ್ತಿನ ಮುನ್ನಡೆ ಅಂದರೆ ಯಾವ ಊರು ಮುಗಿದವು, ಯಾವ ಊರು ಬಾಕಿ ಅಂತ ತಿಳಿದರೆ ಮಾತ್ರ ಅರ್ಥ. ನಾನು ಹಿಂದಿನ ರಾತ್ರಿಯೇ ಒಂದು ಕಾಗದದಲ್ಲಿ ಯಾವ ಸುತ್ತಿಗೆ ಯಾವ ಪಂಚಾಯಿತಿ ಅಂತ ಗೆರೆ ಹಾಕಿಕೊಂಡು ಹೋಗಿದ್ದೆ. ಇಡೀ ದಿನ ಅದೊಂದೇ ಕಾಗದ ಕೆಲಸಕ್ಕೆ ಬಂತು.

ಕೊನೆಯಲ್ಲಿ ಚೀಟಿ ಎತ್ತಿ ಆರಿಸಿದ 5 ಬೂತುಗಳ ವಿವಿಪ್ಯಾಟ್ ಚೀಟಿಗಳನ್ನು (ಮತ ಹಾಕಿದಾಗ ಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ ಅಚ್ಚಾಗಿ ಬೀಳುವ ಕಾಗದ) ಎಣಿಸಿ ಯಂತ್ರದ ಲೆಕ್ಕಕ್ಕೆ ಹೊಂದಿಸುತ್ತಾರೆ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 5 ಆಯಿತು, ಅದಕ್ಕೂ ಮೊದಲು 1. ಆ ಹೊತ್ತಿಗೆ ಸೋತವರ ಕಡೆಯವರು ಊರು ದಾರಿ ಹಿಡಿದಿರುತ್ತಾರೆ, ಗೆದ್ದವರು ಮೆರವಣಿಗೆಯಲ್ಲಿರುತ್ತಾರೆ. ಯಂತ್ರ ಸರಿ ಇಲ್ಲ ಅಂತ ವರ್ಷವಿಡೀ ಕೂಗುವವರೂ ಆಗ ಅಲ್ಲಿ ಇರುವುದಿಲ್ಲ. ಇದು ನನಗೆ ಸ್ವಲ್ಪ ಸಿಟ್ಟು ತರಿಸುವ ವಿಷಯ.

ಮನೆಗೆ ಬಂದ ಮೇಲಿನ ಕೆಲಸವೇ ದೊಡ್ಡದು. ನಮೂನೆ 20 ಅಂತ ಇದೆ. ಅದರಲ್ಲಿ ಬೂತಿಗೊಂದು ಸಾಲು, ಅಭ್ಯರ್ಥಿಗೊಂದು ಕಾಲಂ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ನನಗೆ ಸಿಕ್ಕಿದ್ದು ಸ್ಕ್ಯಾನ್ ಮಾಡಿದ ಪುಟಗಳು, ಕೆಲವು ವಾಲಿಕೊಂಡಿದ್ದವು. ಸಾಫ್ಟ್‌ವೇರಿಗೆ ಕೊಟ್ಟರೆ 3 ಹೋಗಿ 8 ಆಗುತ್ತದೆ. ಹಾಗಾಗಿ ಕೈಯಲ್ಲೇ ಎಕ್ಸೆಲ್‌ಗೆ ಹೊಡೆದೆ. ಒಂದೊಂದು ಸಾಲಿನ ಮೊತ್ತ ತಾಳೆ ಆಗಬೇಕು, ಕೆಳಗಿನ ಒಟ್ಟು ಮೊತ್ತವೂ ತಾಳೆ ಆಗಬೇಕು. ಮೇ ತಿಂಗಳ ಗುಡುಗಿಗೆ ಇಲ್ಲಿ ಕರೆಂಟಿನ ಕಥೆ ಗೊತ್ತಲ್ಲ, ಸಾಲಿಗೊಮ್ಮೆ ಸೇವ್ ಮಾಡುವುದು ಅಭ್ಯಾಸವಾಯಿತು.

2018ರ ಪಟ್ಟಿಯನ್ನು 2023ರ ಪಕ್ಕ ಇಟ್ಟು ಹೋಲಿಸುವಾಗ ಬೂತಿನ ಸಂಖ್ಯೆ ನಂಬಬೇಡಿ. ಮತದಾರರು ಹೆಚ್ಚಾದಾಗ ಬೂತು ಒಡೆಯುತ್ತಾರೆ, ಒಂದು ಒಡೆದರೆ ಮುಂದಿನ ಸಂಖ್ಯೆಗಳೆಲ್ಲ ಜಾರುತ್ತವೆ. ಶಾಲೆಯ ಹೆಸರು ಹಿಡಿದೇ ಹೊಂದಿಸಬೇಕು. ಅದೂ ಒಂದೇ ಶಾಲೆಯಲ್ಲಿ ಎಡ ಕೊಠಡಿ, ಬಲ ಕೊಠಡಿ ಅಂತ ಎರಡು ಬೂತು ಇದ್ದರೆ ಎರಡನ್ನೂ ಕೂಡಿಸಿ ಒಂದೇ ಮಾಡಿಕೊಳ್ಳಿ, ತಲೆನೋವು ಕಮ್ಮಿ. ನೋಟಾ ಕಾಲಂ 2013ರ ಪಟ್ಟಿಯಲ್ಲಿ ಇಲ್ಲ, ಯಾಕಂದರೆ ಕೋರ್ಟಿನ ಆದೇಶ ಬಂದದ್ದೇ ಆ ವರ್ಷ ಸೆಪ್ಟೆಂಬರಿನಲ್ಲಿ, ನಮ್ಮ ಚುನಾವಣೆ ಮೇ ತಿಂಗಳಲ್ಲೇ ಮುಗಿದಿತ್ತು. 2023ರಲ್ಲಿ ಇನ್ನೊಂದು ಬದಲಾವಣೆ ಇದೆ. 80 ದಾಟಿದವರಿಗೆ, ಅಂಗವಿಕಲರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಬಂತು. ಆ ಮತಗಳು ಬೂತಿನ ಸಾಲಿಗೆ ಬರುವುದಿಲ್ಲ, ಅಂಚೆ ಮತದ ಸಾಲಿಗೆ ಹೋಗುತ್ತವೆ. ವಯಸ್ಸಾದವರೇ ಜಾಸ್ತಿ ಇರುವ ಊರಲ್ಲಿ ಬೂತಿನ ಮತ ಇಳಿದ ಹಾಗೆ ಕಂಡರೆ ಜನ ಬರಲಿಲ್ಲ ಅಂತ ತೀರ್ಮಾನ ಮಾಡಬೇಡಿ.

2008ಕ್ಕಿಂತ ಹಿಂದೆ ಹೋಗುವ ಆಸೆ ಇತ್ತು, ಬಿಟ್ಟೆ. ಆಗ ಜಿಲ್ಲೆಗೆ ಮೂರು ಕ್ಷೇತ್ರ, ಸೋಮವಾರಪೇಟೆ ಪ್ರತ್ಯೇಕವಾಗಿತ್ತು, ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಗಡಿಯೇ ಬೇರೆ, ಹೋಲಿಸಿದರೆ ಸುಮ್ನೆ ಸುಳ್ಳಾಗುತ್ತದೆ. ಇನ್ನೂ ಹಿಂದಕ್ಕೆ, 1952ರಲ್ಲಿ, ಕೊಡಗು ಬೇರೆ ರಾಜ್ಯವೇ ಆಗಿದ್ದಾಗ ನಮಗೆ 24 ಸದಸ್ಯರ ಸ್ವಂತ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 24ರಿಂದ ಮೂರು, ಮೂರರಿಂದ ಎರಡು. ಊರ ಹಿರಿಯರು ಈ ಮಾತು ತೆಗೆದರೆ ಮಧ್ಯಾಹ್ನದ ಊಟ ಸಂಜೆಗೆ ಹೋಗುತ್ತದೆ.

ಪಟ್ಟಿ ಮುಗಿದ ಮೇಲೆ ಒಂದು ವಿಷಯ ನನಗೆ ಸರಿ ಕಾಣಲಿಲ್ಲ. ಬೂತುವಾರು ಲೆಕ್ಕ ಅಂದರೆ ಒಂದು ಊರು ಯಾರಿಗೆ ಎಷ್ಟು ಹಾಕಿತು ಅಂತ ಬಟಾಬಯಲು. ಪೇಟೆಯಲ್ಲಿ ಸಾವಿರ ಜನರ ಬೂತಾದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಕಾಡಂಚಿನ ಒಂದು ಬೂತಿಗೆ ಒಂದೆರಡು ಹಾಡಿ (ಆದಿವಾಸಿಗಳ ಕೇರಿ), ಒಂದು ತೋಟದ ಕೂಲಿಯವರ ಲೈನ್‌ಮನೆಗಳು ಇಷ್ಟೇ ಇರಬಹುದು. ಕಾಗದದ ಮತಪತ್ರ ಇದ್ದಾಗ ಬೇರೆ ಬೇರೆ ಬೂತಿನವು ಬೆರೆಸಿ ಎಣಿಸುವ ಪದ್ಧತಿ ಇತ್ತು. ಯಂತ್ರ ಬಂದ ಮೇಲೆ ಅದು ಹೋಯಿತು. ಹಲವು ಯಂತ್ರಗಳ ಮತ ಒಟ್ಟಿಗೆ ಕೂಡಿಸಿ ತೋರಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗವೇ 2008ರಲ್ಲಿ ಕೇಳಿತ್ತು, ಕಾನೂನು ಆಯೋಗವೂ 2015ರಲ್ಲಿ ಹೌದು ಅಂದಿತು. ಜಾರಿಗೆ ಬಂದಿಲ್ಲ.

ಇದು ಪುಸ್ತಕದ ಮಾತಲ್ಲ. ನನ್ನ ಹತ್ತಿರ ಪಟ್ಟಿ ಇದೆ ಅಂತ ಗೊತ್ತಾದ ಕೂಡಲೇ ಪಕ್ಷದ ಕಡೆಯವರೊಬ್ಬರು ಬಂದರು. 'ನಮ್ಮ ಲೈನಿನವರು ಕೈ ಕೊಟ್ಟಿದ್ದಾರಾ ನೋಡಿ ಹೇಳು ಮಾರಾಯ' ಅಂದರು. ನಮೂನೆ ಜಾಲತಾಣದಲ್ಲೇ ಇದೆ, ಮುಚ್ಚಿಡಲು ನಾನು ಯಾರು? ಆದರೆ ಊರಿಗೂ ಬೂತಿಗೂ ಹೊಂದಿಸಿ, ಬಣ್ಣ ಹಾಕಿ, ಯಾರಿಗೂ ಅರ್ಥವಾಗುವ ಹಾಗೆ ಮಾಡಿದ್ದು ನಾನು. ಅದನ್ನು ಕೊಡಲಿಲ್ಲ. 'ಅಣ್ಣ, ಬೂತಿನ ಲೆಕ್ಕದಲ್ಲಿ ಮನುಷ್ಯರ ಹೆಸರು ಇರುವುದಿಲ್ಲ' ಅಂದೆ. ಅವರಿಗೆ ಅಸಮಾಧಾನವಾಯಿತು, ಕಾಫಿ ಕುಡಿದು ಹೋದರು. ಈಗ ಯಾರಾದರೂ ಕೇಳಿದರೆ ಪಂಚಾಯಿತಿ ಮಟ್ಟಕ್ಕೆ ಕೂಡಿಸಿದ ಪಟ್ಟಿ ಮಾತ್ರ ಕೊಡುತ್ತೇನೆ. ಮತ ಯಾವ ಕಡೆ ಸರಿಯಿತು ಅಂತ ತಿಳಿಯಲು ಅದು ಧಾರಾಳ ಸಾಕು.

ನೀವೂ ಮಾಡುವುದಾದರೆ ಗೆದ್ದವರ ಕಾಲಂನಿಂದ ಶುರು ಮಾಡಬೇಡಿ. ಮೊದಲು ಸೋತವರ ಹಿಂದಿನ ಮತ ಮತ್ತು ಈಗಿನ ಮತ ಪಕ್ಕಪಕ್ಕ ಬರೆಯಿರಿ. ಆಮೇಲೆ ಮೂರನೇ ಸ್ಥಾನದವರದು. ಮೂರನೆಯವರ ಕಾಲಂ ಹಿಂದೆ ಎಲ್ಲಿ ದಪ್ಪ ಇತ್ತು, ಈಗ ಎಲ್ಲಿ ಖಾಲಿಯಾಗಿದೆ ಅಂತ ಪಂಚಾಯಿತಿವಾರು ಗುರುತು ಹಾಕಿ. ಗೆದ್ದವರ ಕಾಲಂ ಕೊನೆಗೆ ತೆರೆದರೆ ಸಾಕು.