ಕಾಡುಬಿದ್ದ ಹಿತ್ತಿಲನ್ನು ಕೈಯಿಂದಲೇ ಹಸನು ಮಾಡುವ ಕ್ರಮ

ಕೊಡಗಿನಲ್ಲಿ ಮನೆಯ ಹಿಂದಿನ ಜಾಗವನ್ನು ಎರಡು ಮಳೆಗಾಲ ನೋಡದೆ ಬಿಟ್ಟರೆ ಅದು ಹಿತ್ತಿಲಾಗಿ ಉಳಿಯುವುದಿಲ್ಲ. ಅಂಚಿನಿಂದ ಲಂಟಾನ ಒಳನುಗ್ಗುತ್ತದೆ, ನಡುವೆ ಕಮ್ಯುನಿಸ್ಟ್ ಗಿಡ ಆಳೆತ್ತರಕ್ಕೆ ಏಳುತ್ತದೆ, ಅವೆರಡರ ಮೇಲೂ ಮೈಕೇನಿಯ ಬಳ್ಳಿ ಹಬ್ಬಿ ಬೆಳಕನ್ನೇ ಮುಚ್ಚುತ್ತದೆ. ಯಂತ್ರ ತರಿಸಿ ಒಂದೇ ದಿನದಲ್ಲಿ ಎಲ್ಲವನ್ನೂ ಕೆರೆಸಿಬಿಡುವುದು ಸುಲಭವೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರಾಕಾರ ಮಳೆ ಸುರಿಯುವ ಈ ಇಳಿಜಾರು ನೆಲದಲ್ಲಿ ಬೋಳಾದ ಮಣ್ಣು ನಿಲ್ಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಲಿನ ಗುಡ್ಡಗಳು ಕುಸಿದಾಗ, ಅತಿವೃಷ್ಟಿಯ ಜೊತೆಗೆ ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದ್ದರು. ಆದ್ದರಿಂದ ಇಲ್ಲಿ ಕಳೆಯನ್ನು ತೆಗೆಯಬೇಕೇ ಹೊರತು ನೆಲದ ಹೊದಿಕೆಯನ್ನು ತೆಗೆಯಬಾರದು. ಅಂಥ ಆಯ್ಕೆಯ ಕೆಲಸ ಕೈಯಿಂದ ಮಾತ್ರ ಸಾಧ್ಯ.

ಆರಂಭಿಸಲು ಅಕ್ಟೋಬರ್ ತಿಂಗಳೇ ಯೋಗ್ಯ. ಮಳೆ ಇಳಿದಿರುತ್ತದೆ, ಆದರೂ ಮಣ್ಣು ಮೆತ್ತಗಿರುವುದರಿಂದ ಬೇರುಗಳು ತುಂಡಾಗದೆ ಬರುತ್ತವೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬಕ್ಕೆ ಶುಚಿ ಮಾಡಿ ಪೂಜಿಸಿದ ಆಯುಧಗಳು ಹೇಗೂ ಸಿದ್ಧವಾಗಿರುತ್ತವೆ. ತಡಮಾಡಿದರೆ ಎರಡು ತೊಂದರೆಗಳಿವೆ: ಕಾಫಿ ಕೊಯ್ಲು ಶುರುವಾದ ಮೇಲೆ ಸಹಾಯಕ್ಕೆ ಆಳು ಸಿಗುವುದಿಲ್ಲ, ಅದಕ್ಕಿಂತ ಮುಖ್ಯವಾಗಿ, ಚಳಿಗಾಲದಲ್ಲಿ ಹೂಬಿಡುವ ಕಮ್ಯುನಿಸ್ಟ್ ಗಿಡದ ಬೀಜ ಗಾಳಿಯಲ್ಲಿ ಹಾರಿ ಇಡೀ ತೋಟಕ್ಕೆ ಹರಡುತ್ತದೆ.

ಕತ್ತಿ ಎತ್ತುವ ಮೊದಲು ಜಾಗದ ಸುತ್ತ ಒಮ್ಮೆ ನಿಧಾನವಾಗಿ ನಡೆದು, ಗಡಿಕಲ್ಲು, ಹಳೆಯ ಬಾವಿ, ಉಳಿಸಬೇಕಾದ ಮರ ಮತ್ತು ಸಸಿ ಎಲ್ಲೆಲ್ಲಿವೆ ಎಂದು ನೋಡಿಕೊಳ್ಳಬೇಕು. ಪೊದೆಯ ನೆರಳಿನಲ್ಲಿ ಹಲಸು, ನೇರಳೆ, ಹೊನ್ನೆ, ಬೀಟೆಯ ಸಸಿಗಳು ತಾವಾಗಿಯೇ ಹುಟ್ಟಿರುವುದು ಸಾಮಾನ್ಯ. ಅವಕ್ಕೆ ಬಣ್ಣದ ಬಟ್ಟೆಯ ಚೂರು ಕಟ್ಟಿದರೆ ಕೆಲಸದ ಭರದಲ್ಲಿ ಕತ್ತಿಗೆ ಸಿಗುವುದು ತಪ್ಪುತ್ತದೆ. ಬೆಳೆದ ಮರವನ್ನು ಕಡಿಯುವ ಯೋಚನೆಯಿದ್ದರೆ, ಕೆಲವು ಜಾತಿಗಳಿಗೆ ವಿನಾಯಿತಿ ಇದೆಯಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮೊದಲು ಅನುಮತಿ ಪಡೆಯಬೇಕು. ಜಾಗ ಬಾಣೆಯಾಗಿದ್ದರೆ (ಗದ್ದೆಗೆ ಸೇರಿದಂತೆ ಸೊಪ್ಪು, ಸೌದೆಗಾಗಿ ಬಿಟ್ಟ ಕೊಡಗಿನ ಹಳೆಯ ಬಗೆಯ ಹಿಡುವಳಿ) ಮರದ ಹಕ್ಕು ಯಾರದೆಂದು ದಾಖಲೆಯಲ್ಲಿ ನೋಡಿಯೇ ಮುಂದುವರಿಯಬೇಕು. ಪಕ್ಕದಲ್ಲಿ ದೇವರಕಾಡು ಇದ್ದರೆ ಅದರ ಅಂಚನ್ನು ಮುಟ್ಟುವ ಪ್ರಶ್ನೆಯೇ ಇಲ್ಲ.

ಮೊಣಕಾಲಿನವರೆಗಿನ ಗಂಬೂಟು, ದಪ್ಪ ಕೈಗವಸು ಮತ್ತು ಉದ್ದ ತೋಳಿನ ಅಂಗಿಯಿಲ್ಲದೆ ಪೊದೆಗೆ ಕೈಹಾಕಬಾರದು. ಆನೆ ಓಡಾಡುವ ಕಡೆಗಳಲ್ಲಿ ಮಂಜು ಪೂರ್ತಿ ಸರಿದು ಸುತ್ತಲೂ ಸ್ಪಷ್ಟವಾಗಿ ಕಾಣುವವರೆಗೆ ಕಾಯುವುದು ಒಳ್ಳೆಯದು. ಪ್ರತಿ ಪೊದೆಯನ್ನೂ ಮೊದಲು ಉದ್ದನೆಯ ಕೋಲಿನಿಂದ ಬಡಿದು ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಹತ್ತಿರ ಹೋದರೆ ಹಾವಿಗೆ ಸರಿದುಹೋಗಲು ಸಮಯ ಸಿಗುತ್ತದೆ. ಕಣಜದ ಗೂಡಿದ್ದರೆ ಅದೂ ದೂರದಿಂದಲೇ ತಿಳಿಯುತ್ತದೆ. ಒಂದು ವೇಳೆ ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಔಷಧಿಗಾಗಿ ಅಲೆಯುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, 108ಕ್ಕೆ ಕರೆಮಾಡಿ ನೇರವಾಗಿ ತಾಲ್ಲೂಕು ಆಸ್ಪತ್ರೆಗೋ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಸೇರಿಸಬೇಕು. ಜಿಗಣೆಗೆ ಬೂಟಿನ ಮೇಲಂಚಿನಲ್ಲಿ ಉಪ್ಪು ಸವರಿಕೊಂಡರೆ ಸಾಕು.

ಕೆಲಸವನ್ನು ಇಳಿಜಾರಿಗೆ ಅಡ್ಡಲಾಗಿ, ಪಟ್ಟಿ ಪಟ್ಟಿಯಾಗಿ ಮಾಡಬೇಕು. ಒಂದು ಪಟ್ಟಿ ತೆಗೆದು ಮುಂದಿನದನ್ನು ಹಾಗೆಯೇ ಬಿಟ್ಟು ಅದರಾಚೆಯದನ್ನು ತೆಗೆಯುತ್ತ ಹೋದರೆ, ಅಕಾಲದಲ್ಲಿ ಮಳೆ ಬಂದರೂ ಮಣ್ಣು ಒಂದೇ ಓಟಕ್ಕೆ ಕೆಳಗೆ ಜಾರುವುದಿಲ್ಲ. ಬಿಟ್ಟ ಪಟ್ಟಿಗಳನ್ನು ತೆಗೆಯುವುದು ಮೊದಲನೆಯವುಗಳಿಗೆ ಹೊದಿಕೆ ಬಿದ್ದ ನಂತರ. ಒಬ್ಬರು ಕಡಿಯುತ್ತಿರುವಾಗ ಅವರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬಾರದು.

ಮೊದಲಿಗೆ ಬಳ್ಳಿ. ಮೈಕೇನಿಯದ ಒಂದೊಂದು ಗೆಣ್ಣೂ ಹಸಿ ಮಣ್ಣು ತಾಗಿದರೆ ಬೇರು ಬಿಡುತ್ತದೆ. ಕೊಚ್ಚಿ ಅಲ್ಲೇ ಬಿಟ್ಟರೆ ಒಂದಿದ್ದದ್ದು ಹತ್ತಾಗುತ್ತದೆ. ಆದ್ದರಿಂದ ಬುಡವನ್ನು ಹುಡುಕಿ ಕಿತ್ತು, ಬಳ್ಳಿಯನ್ನು ಸುತ್ತಿಕೊಂಡು ಬಂಡೆಯ ಮೇಲೋ ಬೇಲಿಯ ಮೇಲೋ ಹಾಕಿ ಪೂರ್ತಿ ಒಣಗಿಸಬೇಕು. ಕಮ್ಯುನಿಸ್ಟ್ ಗಿಡ ಇಷ್ಟು ಹಟಮಾರಿಯಲ್ಲ: ಎಳೆಯದಾದರೆ ಬುಡ ಹಿಡಿದು ಎಳೆದರೆ ಬೇರುಸಹಿತ ಬರುತ್ತದೆ, ಬಲಿತದ್ದಕ್ಕೆ ಗುದ್ದಲಿ ಬೇಕು.

ನಿಜವಾದ ಶ್ರಮ ಲಂಟಾನದ್ದು. ಅದನ್ನು ನೆಲಮಟ್ಟಕ್ಕೆ ಸವರಿ ಕೈತೊಳೆದುಕೊಳ್ಳುವುದೇ ಎಲ್ಲೆಡೆ ಕಾಣುವ ರೂಢಿ. ಹಾಗೆ ಸವರಿದ ಬುಡದಿಂದ ಮುಂದಿನ ಮಳೆಗೆ ಮೊದಲಿಗಿಂತ ದಟ್ಟವಾಗಿ ಚಿಗುರು ಹೊರಡುತ್ತದೆ. ಹಾಗೆಂದು ಇಡೀ ಬೇರನ್ನು ಅಗೆದರೆ ಇಳಿಜಾರಿನ ಮಣ್ಣು ಸಡಿಲವಾಗುತ್ತದೆ. ಇವೆರಡರ ನಡುವಿನ ದಾರಿಯನ್ನು ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಚಿಗುರುವ ಶಕ್ತಿ ಇರುವುದು ಕಾಂಡ ಮತ್ತು ಬೇರು ಸೇರುವ ಭಾಗದಲ್ಲಿ. ಆದ್ದರಿಂದ ಮಣ್ಣಿನ ಮೇಲ್ಮೈಯಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿದರೆ ಕೆಳಗೆ ಉಳಿದ ಬೇರು ಚಿಗುರದೆ ಅಲ್ಲೇ ಕೊಳೆಯುತ್ತದೆ, ಮಣ್ಣೂ ಅಲುಗುವುದಿಲ್ಲ. ಮೊದಲು ಹೊರಗಿನ ಮುಳ್ಳುಕೊಂಬೆಗಳನ್ನು ಕತ್ತಿಯಿಂದ ಸವರಿ ಬುಡದವರೆಗೆ ದಾರಿ ಮಾಡಿಕೊಳ್ಳಿ. ಬಾಗಿದ ಕೊಂಬೆಗಳನ್ನು ಕವೆಗೋಲಿನಿಂದ ಒಬ್ಬರು ಎತ್ತಿಹಿಡಿದರೆ ಇನ್ನೊಬ್ಬರು ಪಿಕಾಸಿಯ ಅಗಲ ಬಾಯಿಯಿಂದ ಬುಡದ ಮಣ್ಣು ಸರಿಸಿ ಬೇರನ್ನು ಓರೆಯಾಗಿ ಕಡಿಯಬಹುದು. ಬಿದ್ದ ಪೊದೆಯನ್ನು ತಲೆಕೆಳಗಾಗಿ, ಬುಡ ಆಕಾಶ ನೋಡುವಂತೆ ಇಟ್ಟು ಒಣಗಿಸಬೇಕು. ನೆಲಕ್ಕೆ ತಾಗಿದ ಕೊಂಬೆಗಳು ತಾವೇ ಬೇರುಬಿಟ್ಟಿರುತ್ತವೆ. ಅವನ್ನೂ ಹುಡುಕಿ ಇದೇ ರೀತಿ ಕಡಿಯಬೇಕು. ಇದರ ಎಲೆ ದನಗಳಿಗೆ ವಿಷವಾದ್ದರಿಂದ ಕೊಟ್ಟಿಗೆಯ ಸೊಪ್ಪಿನೊಂದಿಗೆ ಬೆರೆಯದಂತೆ ಎಚ್ಚರವಿರಲಿ.

ಒಟ್ಟಾದ ರಾಶಿಗೆ ಬೆಂಕಿ ಹಾಕಬೇಡಿ ಎಂದು ಒತ್ತಿ ಹೇಳುತ್ತೇನೆ. ಒಣಗಿದ ಕಮ್ಯುನಿಸ್ಟ್ ಗಿಡ ಎಣ್ಣೆಯಂಶದಿಂದಾಗಿ ಭಗ್ಗನೆ ಉರಿಯುತ್ತದೆ, ಫೆಬ್ರವರಿ ಮತ್ತು ಮಾರ್ಚ್‌ನ ಗಾಳಿಯಲ್ಲಿ ಆ ಕಿಡಿ ಪಕ್ಕದ ತೋಟಕ್ಕೂ ಕಾಡಿಗೂ ಹಾರುತ್ತದೆ. ಅಲ್ಲದೆ, ಸುಡುವುದೆಂದರೆ ನೆಲಕ್ಕೆ ಹೊದಿಸಬೇಕಾದ ಸೊಪ್ಪನ್ನೇ ಕಳೆದುಕೊಳ್ಳುವುದು. ಹೂವು, ಬೀಜ ಇಲ್ಲದ ಸೊಪ್ಪನ್ನು ಕೊಚ್ಚಿ ತೆಗೆದ ಪಟ್ಟಿಯ ಮೇಲೆ ದಪ್ಪವಾಗಿ ಹರಡಿ. ಒಣಗಿದ ಗಟ್ಟಿ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಸಾಲಾಗಿಟ್ಟು ಗೂಟ ಹೊಡೆದರೆ ಹರಿಯುವ ನೀರಿನ ರಭಸ ತಗ್ಗುತ್ತದೆ. ಕಳೆನಾಶಕ ಸಿಂಪಡಿಸುವ ಸಲಹೆಯೂ ಬರುತ್ತದೆ. ಬಾವಿ ಮತ್ತು ತೋಡು ಹತ್ತಿರವಿರುವ ಹಿತ್ತಿಲಿಗೆ ಅದು ತಕ್ಕದ್ದಲ್ಲ.

ಜೂನ್ ಬರುವ ಮೊದಲು ನೆಲಕ್ಕೆ ಜೀವಂತ ಹೊದಿಕೆ ಬೇಕು. ಕಾಫಿ ಗಿಡ ಹೂಬಿಡಲು ಕಾರಣವಾಗುವ ಬೇಸಿಗೆಯ ಹೂಮಳೆ ಬಿದ್ದ ತಕ್ಷಣ ಅಲಸಂದೆ ಅಥವಾ ಹುರುಳಿ ಚೆಲ್ಲಿದರೆ ಮುಂಗಾರಿನ ಹೊತ್ತಿಗೆ ಮಣ್ಣು ಹಸಿರಾಗಿರುತ್ತದೆ. ಇಳಿಜಾರು ಹೆಚ್ಚಿದ್ದರೆ ಅಡ್ಡಸಾಲಿನಲ್ಲಿ ಲಾವಂಚ ನೆಡಿ; ಅದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿಯುತ್ತದೆ. ಕಡಿದಾದ ಜಾಗದಲ್ಲಿ ಶುಂಠಿಗಾಗಿ ನೆಲ ಅಗೆಯುವುದು ನನಗೆ ಸರಿ ಕಾಣುವುದಿಲ್ಲ.

ಅದೇ ಹೂಮಳೆಗೆ ಲಂಟಾನದ ಬೀಜವೂ ಮೊಳೆಯುತ್ತದೆ. ಹಣ್ಣು ತಿಂದ ಪಿಕಳಾರ ಹಕ್ಕಿಗಳು ಕೂರುವ ಕೊಂಬೆಗಳ ಕೆಳಗೆ ಸಸಿಗಳು ಹೆಚ್ಚು, ಆದ್ದರಿಂದ ಮೊದಲು ಮರಗಳ ಬುಡವನ್ನೇ ನೋಡಬೇಕು. ಗೇಣುದ್ದಕ್ಕಿಂತ ಚಿಕ್ಕದಿರುವಾಗ ಅವು ಎರಡು ಬೆರಳಿಗೆ ಬರುತ್ತವೆ. ಮಳೆಗಾಲ ಕಳೆಯಲು ಬಿಟ್ಟರೆ ಪಿಕಾಸಿ ಮತ್ತೆ ಹೊರಗೆ ಬರಬೇಕಾಗುತ್ತದೆ.